ರಸ್ತೆಬದಿಯ ಹಳೇ ಫ್ರೆಂಚ್ ಕಾರುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಫ್ರಾನ್ಸ್ ಮತ್ತು ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರು ಹಳೇ ಫ್ರೆಂಚ್ ಕಾರುಗಳ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದು ಪತ್ರ ಮಾತ್ರ ಸಕಲೇಶಪುರದ್ದು.

ಪ್ರಶ್ನೆ: ತುಲೂಸ್‌ನಲ್ಲಿ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಭಾನುವಾರದ ಸಂತೆಗೆ ಹೋದಾಗ ಸಿತ್ರೋಯೆನ್ 2 ಸಿವಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ನನಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾವುದು 50ರ ದಶಕದ್ದು, ಯಾವುದು 80ರ ದಶಕದ್ದು ಎಂದು ನಿಂತಲ್ಲೇ ಹೇಳುವುದು ಹೇಗೆ?
— ಓದುಗರು, ತುಲೂಸ್

ಉತ್ತರ: 2 ಸಿವಿ 1948ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಹೊರಬಂತು. ಕೊನೆಯ ಗಾಡಿ 1990ರ ಜುಲೈ 27ರಂದು ಪೋರ್ಚುಗಲ್‌ನ ಮಾಂಗ್ವಾಲ್ಡ್ ಕಾರ್ಖಾನೆಯಲ್ಲಿ ತಯಾರಾಯಿತು. ಅಷ್ಟು ವರ್ಷವೂ ಮೈಕಟ್ಟು ಅದೇ ಉಳಿಯಿತು, ಬಿಡಿಭಾಗಗಳು ಬದಲಾಗುತ್ತ ಹೋದವು. ಹಾಗಾಗಿ ದೂರದಿಂದ ನೋಡಿದರೆ ಕಾಲ ತಿಳಿಯುವುದಿಲ್ಲ, ಹತ್ತಿರ ಹೋಗಬೇಕು.

ಮೊದಲು ಬಾನೆಟ್ ನೋಡಿ. ಜಿಂಕ್ ಶೀಟಿನ ಹಾಗೆ ಅದರ ತುಂಬ ಸಣ್ಣ ಸಣ್ಣ ಅಲೆಗಳಿದ್ದರೆ ಗಾಡಿ 1960ರ ಕೊನೆಗಿಂತ ಮುಂಚಿನದು. ತೆಳು ತಗಡಿಗೆ ಬಿಗುವು ಬರಲೆಂದು ಆ ಮಡಿಕೆಗಳನ್ನು ಕೊಟ್ಟಿದ್ದರು. ಆಮೇಲಿನ ಬಾನೆಟ್ ನುಣುಪು, ಮೇಲೆ ಐದು ಅಗಲವಾದ ಉಬ್ಬುಗೆರೆ ಮಾತ್ರ. ಎರಡನೆಯದು ಮುಂಬಾಗಿಲು. ಅದರ ಕೀಲು ಹಿಂಬದಿಯಲ್ಲಿದ್ದು, ಬಾಗಿಲು ಮುಂದಿನಿಂದ ಹಿಂದಕ್ಕೆ ತೆರೆದುಕೊಂಡರೆ 1964ರೊಳಗಿನ ಗಾಡಿ. ಮೂರನೆಯದು ಇಂಡಿಕೇಟರ್. 1970ಕ್ಕೆ ಮುಂಚಿನ ಗಾಡಿಗಳಲ್ಲಿ ಅದು ಚಾವಣಿ ಹೊತ್ತ ಹಿಂದಿನ ಕಂಬದ ಪಕ್ಕದಲ್ಲಿ, ಮುಂದಿನಿಂದಲೂ ಹಿಂದಿನಿಂದಲೂ ಕಾಣುವಂತೆ ಇರುತ್ತದೆ. ಅಲ್ಲಿಂದಾಚೆ ಮುಂದಿನ ಮಡ್‌ಗಾರ್ಡ್‌ಗೆ ಬಂತು. ಹಿಂದಿನ ಸೀಟಿನ ಪಕ್ಕದ ಮೂರನೇ ಕಿಟಕಿ 60ರ ದಶಕದ ಮಧ್ಯದಿಂದ ಶುರುವಾಗುತ್ತದೆ. ಆದರೆ 70ರ ದಶಕದ ಅಗ್ಗದ ಸ್ಪೆಸಿಯಾಲ್ ಮಾದರಿಗೆ ಮೊದಮೊದಲು ಅದನ್ನು ಕೊಡಲಿಲ್ಲ. ಕಿಟಕಿಯೊಂದನ್ನೇ ನಂಬಿದವರು ಇಲ್ಲಿ ಎಡವುತ್ತಾರೆ. ಚೌಕಾಕಾರದ ಹೆಡ್‌ಲೈಟ್ ಇದ್ದರೆ 1974ರ ಶರತ್ಕಾಲದ ನಂತರದ್ದು, ಅನುಮಾನವೇ ಬೇಡ. ದುಂಡು ಹೆಡ್‌ಲೈಟ್ ಇದ್ದ ಮಾತ್ರಕ್ಕೆ ಹಳೆಯದು ಎನ್ನಲಾಗದು. ಸ್ಪೆಸಿಯಾಲ್‌ಗೂ 1980ರಲ್ಲಿ ಬಂದ ಎರಡು ಬಣ್ಣದ ಚಾರ್ಲ್‌ಸ್ಟನ್‌ಗೂ ದುಂಡು ದೀಪವೇ. ಇನ್ನು ಬಣ್ಣ: 1959ರವರೆಗೆ ಕಾರ್ಖಾನೆಯಿಂದ ಬಂದದ್ದು ಬೂದು ಮಾತ್ರ. ಕಡುಗೆಂಪು ಬಣ್ಣದ, ಅಲೆಯ ಬಾನೆಟ್ಟಿನ ಗಾಡಿ ಕಂಡರೆ ಯಾರೋ ಆಮೇಲೆ ಬಳಿದ ಬಣ್ಣ ಎಂದುಕೊಳ್ಳಿ.

ಒಂದು ಎಚ್ಚರಿಕೆ. ಬಾನೆಟ್, ಮಡ್‌ಗಾರ್ಡ್, ಬಾಗಿಲು ಎಲ್ಲವನ್ನೂ ಸುಲಭವಾಗಿ ಬಿಚ್ಚಿ ಜೋಡಿಸಬಹುದಾದ್ದರಿಂದ 1985ರ ಗಾಡಿ 1958ರ ಬಾನೆಟ್ ಹೊತ್ತಿರಬಹುದು. ಕನಿಷ್ಠ ಮೂರು ಗುರುತುಗಳು ಒಂದೇ ಕಾಲವನ್ನು ಹೇಳಬೇಕು. ಮಾಲೀಕರು ಬಾನೆಟ್ ಎತ್ತಿ ತೋರಿಸಿದರೆ ಇಂಜಿನ್ ಕೋಣೆಯ ಫಲಕ ಓದಿ. ಮೊದಲ ಗಾಡಿಗಳದ್ದು 375 ಸಿಸಿಯ, 9 ಅಶ್ವಶಕ್ತಿಯ, ಗಾಳಿಯಿಂದಲೇ ತಣಿಯುವ ಎರಡು ಸಿಲಿಂಡರ್ ಇಂಜಿನ್. 1954ರ ಹೊತ್ತಿಗೆ 425 ಸಿಸಿ ಸೇರಿತು, 1970ರಿಂದ 602 ಸಿಸಿ.

ಅಲ್ಲಿಗೆ ನಿಲ್ಲಿಸಬೇಡಿ, ಮಂಡಿಯೂರಿ ಬಾಗಿಲ ಕೆಳಗೆ ನೋಡಿ. ಚಾಸಿಯ (ಗಾಡಿಯ ಅಡಿಗಟ್ಟಿನ) ಉದ್ದಕ್ಕೆ ಮಲಗಿಸಿದ ಕೊಳವೆಯೊಂದು ಕಾಣುತ್ತದೆ. ಅದರೊಳಗೆ ಸ್ಪ್ರಿಂಗುಗಳಿವೆ. ಒಂದು ತುದಿ ಮುಂಚಕ್ರದ ತೋಳಿಗೆ, ಇನ್ನೊಂದು ತುದಿ ಅದೇ ಪಕ್ಕದ ಹಿಂಚಕ್ರದ ತೋಳಿಗೆ ಕಟ್ಟಿದೆ. ಮುಂಚಕ್ರ ಉಬ್ಬು ಹತ್ತಿದಾಗ ಆ ಏಟಿನ ಒಂದು ಪಾಲು ಹಿಂದಕ್ಕೆ ಹೋಗಿ ಗಾಡಿ ಸಮವಾಗಿ ಏಳುತ್ತದೆ. ಉತ್ತ ಹೊಲ ದಾಟುವಾಗ ಬುಟ್ಟಿಯಲ್ಲಿನ ಮೊಟ್ಟೆ ಒಡೆಯಬಾರದು ಎಂದು ಕಂಪನಿಯ ಮುಖ್ಯಸ್ಥ ಪಿಯೆರ್ ಬೂಲಾಂಜೆ ಹಾಕಿದ ಷರತ್ತನ್ನು ಪೂರೈಸಿದ್ದು ಈ ಕೊಳವೆ. ಹೆಡ್‌ಲೈಟ್ ಎರಡನ್ನೂ ಒಂದೇ ಅಡ್ಡಪಟ್ಟಿಗೆ ಕೂರಿಸಿದ್ದಾರೆ, ನೋಡಿ. ಹಿಂದೆ ಮೂಟೆ ಹೇರಿದಾಗ ಮೆತ್ತನೆಯ ಸಸ್ಪೆನ್ಷನ್ ಕುಸಿದು ದೀಪ ಆಕಾಶ ನೋಡುತ್ತದೆ. ಚಾಲಕರು ಡ್ಯಾಶ್‌ಬೋರ್ಡ್ ಕೆಳಗಿನ ತಿರುಪು ತಿರುಗಿಸಿ ಅಡ್ಡಪಟ್ಟಿಯನ್ನು ಬಗ್ಗಿಸಿದರೆ ಬೆಳಕು ಮತ್ತೆ ರಸ್ತೆಗೆ ಬೀಳುತ್ತದೆ. ಈ ಕಾರಿನಲ್ಲಿ ವಿಚಿತ್ರ ಎನಿಸುವ ಪ್ರತಿಯೊಂದಕ್ಕೂ ಹೀಗೆ ಒಂದು ಕೆಲಸ ಇದೆ.

ಪ್ರಶ್ನೆ: ಲಿಯೋನ್‌ನಲ್ಲಿ ನಮ್ಮ ಬೀದಿಯಲ್ಲಿ ಸಿತ್ರೋಯೆನ್ ಡಿಎಸ್ ಒಂದು ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ನೆಲಕ್ಕೆ ಅಂಟಿಕೊಂಡಂತೆ ಕುಳಿತಿರುತ್ತದೆ, ಇಂಜಿನ್ ಶುರು ಮಾಡಿದ ಮೇಲೆ ಏಳುತ್ತದೆ. ಕೆಟ್ಟಿದೆಯೋ, ಅದರ ಸ್ವಭಾವವೇ ಹಾಗೋ?
— ಓದುಗರು, ಲಿಯೋನ್

ಉತ್ತರ: ಸ್ವಭಾವವೇ ಹಾಗೆ. ಡಿಎಸ್‌ಗೆ ಮಾಮೂಲಿ ಸ್ಪ್ರಿಂಗ್ ಇಲ್ಲ. ನಾಲ್ಕೂ ಚಕ್ರಕ್ಕೆ ಒಂದೊಂದು ಕಬ್ಬಿಣದ ಗೋಳ ಇದೆ. ಗೋಳದೊಳಗೆ ರಬ್ಬರ್ ಪೊರೆ, ಪೊರೆಯ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಒತ್ತಡದಲ್ಲಿರುವ ದ್ರವ. ಸ್ಪ್ರಿಂಗ್‌ನ ಕೆಲಸ ಅನಿಲದ್ದು, ಎತ್ತರ ಕಾಯುವ ಕೆಲಸ ದ್ರವದ್ದು. ಇಂಜಿನ್ ನಿಂತರೆ ಪಂಪೂ ನಿಲ್ಲುತ್ತದೆ, ದ್ರವ ನಿಧಾನಕ್ಕೆ ಟ್ಯಾಂಕಿಗೆ ವಾಪಸಾಗಿ ಗಾಡಿ ಕೂರುತ್ತದೆ. ಪೋಲ್ ಮಾಜೆಸ್ ಎಂಬ ಇಂಜಿನಿಯರ್ ರೂಪಿಸಿದ ಈ ವ್ಯವಸ್ಥೆಯೇ ಬ್ರೇಕಿಗೂ ಪವರ್ ಸ್ಟೇರಿಂಗಿಗೂ ಒತ್ತಡ ಕೊಡುತ್ತದೆ. ಅನೇಕ ಡಿಎಸ್ ಮಾದರಿಗಳಲ್ಲಿ ಕ್ಲಚ್ ಮತ್ತು ಗೇರಿಗೂ ಅದೇ. 1955ರ ಅಕ್ಟೋಬರ್ 6ರಂದು ಪ್ಯಾರಿಸ್‌ನ ಗ್ರಾಂ ಪಲೆ ಪ್ರದರ್ಶನ ಭವನದಲ್ಲಿ ಕಾರಿನ ಪರದೆ ಸರಿಸಿದ ದಿನವೇ ಹನ್ನೆರಡು ಸಾವಿರದಷ್ಟು ಬೇಡಿಕೆ ಬಂದದ್ದಕ್ಕೆ ಫ್ಲಾಮಿನಿಯೊ ಬೆರ್ತೋನಿ ಕೊಟ್ಟ ರೂಪದಷ್ಟೇ ಈ ಒಳಗಿನ ಕೆಲಸವೂ ಕಾರಣ.

ಕೂರುವುದು ಸಹಜ, ಎಷ್ಟು ಬೇಗ ಕೂರುತ್ತದೆ ಎಂಬುದು ಮುಖ್ಯ. ಗಂಟೆಗಟ್ಟಲೆ ತಡೆದು ಕೂತರೆ ಆರೋಗ್ಯವಾಗಿದೆ. ನಿಲ್ಲಿಸಿದ ಕೆಲವೇ ನಿಮಿಷಕ್ಕೆ ಕುಸಿದರೆ ಒಳಗೆಲ್ಲೋ ಸೋರಿಕೆ. ಇಂಜಿನ್ ಓಡುತ್ತಿರುವಾಗ ಪಕ್ಕದಲ್ಲಿ ನಿಂತು ಕಿವಿಗೊಡಿ: ಒತ್ತಡ ನಿಯಂತ್ರಕ ಆಗಾಗ ‘ಟಿಕ್’ ಎನ್ನುತ್ತದೆ. ಎರಡು ಮೂರು ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎನ್ನುತ್ತಿದ್ದರೆ ಒತ್ತಡ ಸಂಗ್ರಹಿಸುವ ಮುಖ್ಯ ಗೋಳದ ಅನಿಲ ಖಾಲಿಯಾಗಿರುವ ಸಾಧ್ಯತೆ ಹೆಚ್ಚು, ಇಲ್ಲವೇ ದೊಡ್ಡ ಸೋರಿಕೆ ಇದೆ. ಮಾಲೀಕರು ಒಪ್ಪಿದರೆ, ಗಾಡಿ ಎದ್ದು ನಿಂತ ಮೇಲೆ ಡಿಕ್ಕಿಯ ಮೂಲೆಯನ್ನು ಅಂಗೈಯಿಂದ ಒತ್ತಿ ನೋಡಿ. ಮೆತ್ತಗೆ ತಗ್ಗಿ ಏಳಬೇಕು. ಕಲ್ಲಿನಂತೆ ಅಲುಗದಿದ್ದರೆ ಆ ಚಕ್ರದ ಗೋಳಕ್ಕೆ ಅನಿಲ ತುಂಬಿಸಬೇಕು, ಇಲ್ಲವೇ ಗೋಳವನ್ನೇ ಬದಲಿಸಬೇಕು. ಪೊರೆಯ ಮೂಲಕ ನೈಟ್ರೋಜನ್ ತೀರಾ ನಿಧಾನವಾಗಿ ಸೋರುವುದು ತಪ್ಪಿದ್ದಲ್ಲ.

ದ್ರವದ ವಿಷಯದಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬೇಡ. 1966ರ ಶರತ್ಕಾಲದವರೆಗೆ ಯೂರೋಪಿನ ಡಿಎಸ್‌ಗಳಿಗೆ ಎಲ್‌ಎಚ್‌ಎಸ್ ಥರದ ದ್ರವ. ಅದು ಗಾಳಿಯ ತೇವ ಹೀರಿ ಕೊಳವೆಗಳಿಗೆ ತುಕ್ಕು ಹಿಡಿಸುತ್ತಿತ್ತು. ಬದಲಿಗೆ ಬಂದದ್ದು ಹಸಿರು ಬಣ್ಣದ ಖನಿಜ ತೈಲ, ಎಲ್‌ಎಚ್‌ಎಂ. ಗೊಂದಲ ಆಗದಿರಲೆಂದು ಆ ಕಾರುಗಳ ಗೋಳ, ಪಂಪುಗಳಿಗೂ ಹಸಿರು ಬಣ್ಣ ಬಳಿದರು, ಹಳೆಯವು ಕಪ್ಪು. ಎರಡು ದ್ರವಕ್ಕೆ ಬೇಕಾದ ರಬ್ಬರ್ ಬೇರೆ ಬೇರೆ. ತಪ್ಪು ದ್ರವ ಹೋದರೆ ಸೀಲುಗಳು ಉಬ್ಬಿ ಹಾಳಾಗಿ ಇಡೀ ವ್ಯವಸ್ಥೆ ಬಿಚ್ಚಬೇಕಾಗುತ್ತದೆ.

ನಿಮ್ಮ ಬೀದಿಯ ಕಾರಿನ ವಯಸ್ಸಿಗೆ ಮೂತಿ ನೋಡಿ. ಗಾಜಿನ ಹೊದಿಕೆಯೊಳಗೆ ಜೋಡಿ ದೀಪಗಳಿದ್ದರೆ 1967ರ ಸೆಪ್ಟೆಂಬರ್ ನಂತರದ್ದು. ಮೇಲ್ದರ್ಜೆಯ ಮಾದರಿಗಳಲ್ಲಿ ಒಳಗಿನ ದೀಪ ಸ್ಟೇರಿಂಗ್ ತಿರುಗಿಸಿದ ಕಡೆಗೇ ತಿರುಗುತ್ತದೆ. ಎಂದಾದರೂ ಟೈರ್ ಬದಲಿಸುವುದು ಕಂಡರೆ ನಿಂತು ನೋಡಿ. ಎತ್ತರ ಬದಲಿಸುವ ಸನ್ನೆಕೋಲನ್ನು ತುದಿಗಿಟ್ಟು ಗಾಡಿಯನ್ನು ಪೂರ್ತಿ ಎತ್ತರಿಸುತ್ತಾರೆ, ಪಕ್ಕದಲ್ಲಿ ಒಂದು ಊರುಗೋಲು ಸಿಕ್ಕಿಸುತ್ತಾರೆ, ಸನ್ನೆಕೋಲನ್ನು ಕೆಳಕ್ಕೆ ತರುತ್ತಾರೆ. ಗಾಡಿ ಇಳಿಯಲು ಹೋಗಿ ಆ ಪಕ್ಕದ ಚಕ್ರಗಳೇ ನೆಲ ಬಿಟ್ಟು ಮೇಲೇಳುತ್ತವೆ. ಹಿಂದಿನ ಮಡ್‌ಗಾರ್ಡ್ ಒಂದೇ ಬೋಲ್ಟ್ ಬಿಚ್ಚಿದರೆ ಕಳಚಿ ಕೈಗೆ ಬರುತ್ತದೆ. ದ್ರವದ ಒತ್ತಡದ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಕೈಯನ್ನಾಗಲೀ ತಲೆಯನ್ನಾಗಲೀ ಹಾಕಬಾರದು, ಭದ್ರವಾದ ಸ್ಟ್ಯಾಂಡ್ ಬೇಕೇ ಬೇಕು.

ಪ್ರಶ್ನೆ: ಕೆಲವು ಹಳೇ ಕಾರುಗಳ ಹೆಡ್‌ಲೈಟ್ ಹಳದಿ ಯಾಕೆ? ಕಪ್ಪು ನಂಬರ್ ಪ್ಲೇಟ್ ಇದ್ದರೆ ಮೂಲದಿಂದಲೂ ಅದೇ ಎಂದು ಅರ್ಥವೇ?
— ವಿದ್ಯಾರ್ಥಿನಿ, ಗ್ರೆನೋಬಲ್

ಉತ್ತರ: 1930ರ ದಶಕದ ಕೊನೆಯಿಂದ ಫ್ರಾನ್ಸಿನಲ್ಲಿ ಹಳದಿ ಹೆಡ್‌ಲೈಟ್ ಕಡ್ಡಾಯವಾಗಿತ್ತು, ಎದುರಿನವರ ಕಣ್ಣು ಕೋರೈಸುವುದು ಕಡಿಮೆ ಎಂಬ ನಂಬಿಕೆಯಿಂದ. ಯೂರೋಪಿಗೆಲ್ಲ ಒಂದೇ ನಿಯಮ ಬಂದಾಗ 1993ರ ಜನವರಿಯಿಂದ ಹೊಸ ಕಾರುಗಳಿಗೆ ಬಿಳಿ ದೀಪ ಬಂತು. ಹಳೆಯವು ಹಳದಿಯನ್ನೇ ಉಳಿಸಿಕೊಳ್ಳಬಹುದು.

ಪ್ಲೇಟಿನಲ್ಲಿ ಬಣ್ಣಕ್ಕಿಂತ ಅಕ್ಷರಗಳ ಜೋಡಣೆ ನೋಡಿ. ಮೊದಲು ಅಂಕಿ, ನಡುವೆ ಅಕ್ಷರ, ಕೊನೆಗೆ ಜಿಲ್ಲೆಯ ಸಂಖ್ಯೆ (75 ಪ್ಯಾರಿಸ್, 69 ಲಿಯೋನ್ ಇದ್ದ ರೋನ್, 31 ತುಲೂಸ್ ಇರುವ ಓತ್ ಗರೋನ್) ಇದ್ದರೆ ಅದು 2009ಕ್ಕೆ ಮುಂಚಿನ ನೋಂದಣಿ. ಆ ಪದ್ಧತಿಯಲ್ಲಿ ಜಿಲ್ಲೆ ಬದಲಾದರೆ ನಂಬರೂ ಬದಲಾಗುತ್ತಿತ್ತು. 2009ರ ನಂತರ ಕೈ ಬದಲಾದರಂತೂ ಹೊಸ ನಂಬರೇ. ಆದ್ದರಿಂದ ಹಳೇ ಜೋಡಣೆಯ, ಬಣ್ಣ ಮಾಸಿದ ಕಪ್ಪು ಪ್ಲೇಟ್ ಕಂಡರೆ ಆ ಕಾರು ಬಹುಕಾಲದಿಂದ ಒಂದೇ ಜಿಲ್ಲೆಯಲ್ಲಿ, ಬಹುಶಃ ಒಂದೇ ಮನೆಯಲ್ಲಿ ಇದೆ. ಎರಡು ಅಕ್ಷರ, ಮೂರು ಅಂಕಿ, ಎರಡು ಅಕ್ಷರದ ಕಪ್ಪು ಪ್ಲೇಟ್ ಆದರೆ ಸಂಗ್ರಹಯೋಗ್ಯ ವಾಹನವೆಂದು ಇತ್ತೀಚೆಗೆ ನೋಂದಾಯಿಸಿದ್ದು. ಹೊಳೆಯುವ ಹೊಸ ಪೇಂಟಿಗಿಂತ ಮೊದಲನೆಯ ಥರದ ಗಾಡಿಗೇ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಪ್ರಶ್ನೆ: ಪ್ಯಾರಿಸ್‌ಗೆ ಬಂದು ಹೊಸತು. ಹಳೇ ಕಾರುಗಳನ್ನು ಒಟ್ಟಿಗೆ ನೋಡಲು ಎಲ್ಲಿಗೆ, ಯಾವಾಗ ಹೋಗಬೇಕು? ಫೋಟೊ ತೆಗೆದರೆ ಬೈಯುತ್ತಾರೆಯೇ?
— ಓದುಗರು, ಪ್ಯಾರಿಸ್

ಉತ್ತರ: ವ್ಯಾಂಸೆನ್ ಕೋಟೆಯ ಮುಂದಿನ ಬಯಲಿನಲ್ಲಿ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಹಳೇ ವಾಹನಗಳು ಸೇರುತ್ತವೆ. ಮೆಟ್ರೊ 1ನೇ ಲೈನಿನ ಕೊನೆಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ. ಟಿಕೆಟ್ ಇಲ್ಲ, ಮಾಲೀಕರು ಪಕ್ಕದಲ್ಲೇ ಇರುತ್ತಾರೆ, ಬಾನೆಟ್ ಎತ್ತಿ ತೋರಿಸುತ್ತಾರೆ. ಈ ಕೂಟ ನಡೆಸುವ ಸಂಘದವರೇ ಜನವರಿಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೂರಾರು ಗಾಡಿಗಳ ನಗರ ಸಂಚಾರವನ್ನೂ ನಡೆಸುತ್ತಾರೆ. ಚಳಿಗಾಲದಲ್ಲಿ ಪೋರ್ಟ್ ದ ವೆರ್ಸಾಯ್‌ನಲ್ಲಿ ನಡೆಯುವ ರೆಟ್ರೊಮೊಬಿಲ್ 1976ರಿಂದ ಇರುವ ದೊಡ್ಡ ಮೇಳ. ಟಿಕೆಟ್ ದುಬಾರಿ, ಆದರೆ ಬಿಡಿಭಾಗ ಮತ್ತು ಹಳೇ ಕೈಪಿಡಿ ಮಾರುವ ಅಂಗಡಿಗಳಿಗಾಗಿಯೇ ಒಮ್ಮೆ ಹೋಗಬೇಕು. ವಾರಾಂತ್ಯವೊಂದು ಬಿಡುವಿದ್ದರೆ ಮುಲೂಸ್‌ನ ಕಾರು ಮ್ಯೂಸಿಯಂ ನೋಡಿ. ಜವಳಿ ಗಿರಣಿಗಳ ಮಾಲೀಕರಾಗಿದ್ದ ಶ್ಲುಂಫ್ ಸಹೋದರರು ಗುಡ್ಡೆ ಹಾಕಿದ ಬುಗಾಟಿ ಕಾರುಗಳು ಅಲ್ಲಿವೆ. ಸೊಶೋದಲ್ಲಿರುವ ಪ್ಯೂಜೊ ಮ್ಯೂಸಿಯಂ ಕೂಡ ಅದೇ ಪ್ರವಾಸದಲ್ಲಿ ಮುಗಿಯುತ್ತದೆ.

ಫೋಟೊಗೆ ಯಾರೂ ಬೈಯುವುದಿಲ್ಲ. ಮೊದಲು ‘ಬೋಂಜೂರ್’ ಎನ್ನಿ, ಆಮೇಲೆ ಕ್ಯಾಮೆರಾ. ಬೇರೆಯವರ ಗಾಡಿಯ ಬಾಗಿಲು, ಬಾನೆಟ್ ಮುಟ್ಟಬೇಡಿ. ಜಾಲತಾಣಕ್ಕೆ ಹಾಕುವ ಮುನ್ನ ನಂಬರ್ ಪ್ಲೇಟ್ ಮಸುಕು ಮಾಡಿ. ಮನೆ ಮುಂದೆ ನಿಂತ ಗಾಡಿಯಾದರೆ ಬೀದಿಯ ಹೆಸರನ್ನೂ ಬರೆಯಬೇಡಿ, ಹಳೇ ಕಾರುಗಳ ಕಳ್ಳತನಕ್ಕೆ ಇಂಥ ಫೋಟೊಗಳೇ ದಾರಿ ತೋರಿಸಬಹುದು.

ಪ್ರಶ್ನೆ: ನಮ್ಮ ಪಕ್ಕದ ಮನೆಯವರ ರೆನೊ 4ರಲ್ಲಿ ಮುಂಚಕ್ರಕ್ಕೂ ಹಿಂಚಕ್ರಕ್ಕೂ ನಡುವಿನ ಅಂತರ ಎಡ, ಬಲ ಪಕ್ಕಗಳಲ್ಲಿ ಒಂದೇ ಇಲ್ಲ ಅನ್ನಿಸುತ್ತದೆ. ಅಪಘಾತ ಆದ ಗಾಡಿಯೇ?
— ಓದುಗರು, ನಾಂತ್

ಉತ್ತರ: ನಿಮ್ಮ ಕಣ್ಣು ಚುರುಕಾಗಿದೆ. ಅಪಘಾತವಲ್ಲ, ಕಾರ್ಖಾನೆಯಿಂದಲೇ ಹಾಗೆ. ಹಿಂಚಕ್ರಗಳಿಗೆ ಸ್ಪ್ರಿಂಗ್ ಬದಲು ಗಾಡಿಯ ಅಡ್ಡಗಲಕ್ಕೂ ಚಾಚಿದ ಎರಡು ಟಾರ್ಷನ್ ಬಾರ್ ಇವೆ, ತಿರುಚಿದಾಗ ಮತ್ತೆ ನೇರವಾಗಲು ಯತ್ನಿಸುವ ಉಕ್ಕಿನ ಸರಳುಗಳು. ಎರಡೂ ಒಂದೇ ಜಾಗದಲ್ಲಿ ಹಿಡಿಸುವುದಿಲ್ಲ, ಒಂದರ ಹಿಂದೆ ಒಂದು ಕೂರಬೇಕು. ಹಾಗಾಗಿ ಒಂದು ಪಕ್ಕದ ಹಿಂಚಕ್ರ ಇನ್ನೊಂದಕ್ಕಿಂತ ಐದು ಸೆಂಟಿಮೀಟರ್‌ನಷ್ಟು ಹಿಂದಿದೆ. ಓಡಿಸುವಾಗ ಗೊತ್ತಾಗುವುದೇ ಇಲ್ಲ, ಹಿಂದಿನ ನೆಲ ಮಾತ್ರ ತಗ್ಗಾಗಿ, ಸಪಾಟಾಗಿ ಸಿಗುತ್ತದೆ. 1961ರಿಂದ ಎಂಬತ್ತು ಲಕ್ಷಕ್ಕೂ ಹೆಚ್ಚು ತಯಾರಾದ ಈ ಗಾಡಿಗೆ ತುಕ್ಕಿನ ಭಯ ಇರುವುದು ಆ ಬಾರ್‌ಗಳನ್ನು ಕಚ್ಚಿ ಹಿಡಿದ ಜಾಗದಲ್ಲೇ.

ಪ್ರಶ್ನೆ: ಇಂಗ್ಲೆಂಡಿನ ಸ್ಲೌ ಊರಿನಲ್ಲಿದ್ದೇನೆ. ಇಲ್ಲಿ ಸಿತ್ರೋಯೆನ್ ಕಾರ್ಖಾನೆ ಇತ್ತಂತೆ, ನಿಜವೇ?
— ಓದುಗರು, ಸ್ಲೌ

ಉತ್ತರ: ನಿಜ. 1926ರಿಂದ 60ರ ದಶಕದ ಮಧ್ಯದವರೆಗೆ ಅಲ್ಲಿ ಬಲಗಡೆ ಸ್ಟೇರಿಂಗ್‌ನ ಸಿತ್ರೋಯೆನ್‌ಗಳನ್ನು ಜೋಡಿಸುತ್ತಿದ್ದರು. ಫ್ರಾನ್ಸಿನಲ್ಲಿ ಟ್ರಾಕ್ಸಿಯೋಂ ಅವಾಂ ಎನ್ನುವ, 1934ರಿಂದ 1957ರವರೆಗೆ ಬಂದ ಮುಂಚಕ್ರ ಚಾಲನೆಯ ಕಾರು ಸ್ಲೌನಿಂದ ‘ಲೈಟ್ ಫಿಫ್ಟೀನ್’ ಎಂಬ ಹೆಸರಲ್ಲಿ ಬಂತು. ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡ್, ಲ್ಯೂಕಾಸ್ ಕಂಪನಿಯ ವಿದ್ಯುತ್ ಉಪಕರಣಗಳು ಸ್ಲೌ ಗಾಡಿಯ ಗುರುತು. 2 ಸಿವಿಯ ಚಾಸಿಯ ಮೇಲೆ ಫೈಬರ್ ಮೈ ಕೂರಿಸಿದ ‘ಬಿಜೂ’ ಎಂಬ ಪುಟ್ಟ ಕಾರು ಇನ್ನೂರರಷ್ಟು ಮಾತ್ರ ತಯಾರಾಯಿತು. ಅದು ಕಂಡರೆ ಅದೃಷ್ಟ.

ಪ್ರಶ್ನೆ: ನಮ್ಮ ತೋಟದ ಹಳೇ ಮಹೀಂದ್ರ ಜೀಪಿನದು ಪ್ಯೂಜೊ ಇಂಜಿನ್ ಎನ್ನುತ್ತಾರೆ. ಮಗಳು ಫ್ರಾನ್ಸಿನಲ್ಲಿದ್ದಾಳೆ. ಅಲ್ಲಿ ಈ ಇಂಜಿನ್ ಇರುವ ಕಾರು ನೋಡಲು ಸಿಗುತ್ತದೆಯೇ?
— ಓದುಗರು, ಸಕಲೇಶಪುರ

ಉತ್ತರ: ಖಂಡಿತ. ಎಂಎಂ 540ರಂಥ ಜೀಪುಗಳಲ್ಲಿದ್ದ ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಇಂಜಿನ್ ಪ್ಯೂಜೊ ಮೂಲದ್ದು. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್ (ಸಿಲಿಂಡರಿನ ಅಗಲ), 83 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), ಒಟ್ಟು 2112 ಸಿಸಿ. ಇದರ ಒಡಹುಟ್ಟು ಪ್ಯೂಜೊ 504 ಡೀಸೆಲ್ ಕಾರಿನಲ್ಲಿತ್ತು. 504 ಬಂದದ್ದು 1968ರಲ್ಲಿ. ಹೊರಮೂಲೆ ಮೇಲಕ್ಕೆ ಎಳೆದಂಥ ಹೆಡ್‌ಲೈಟ್, ನಡುವೆ ಮಡಿಸಿದಂತೆ ಇಳಿಯುವ ಡಿಕ್ಕಿ ಅದರ ಗುರುತು. ಅದಕ್ಕೂ ಹಿಂದಿನ, ಬಾಲದಲ್ಲಿ ಚೂಪು ರೆಕ್ಕೆಗಳಿರುವ 404ರಲ್ಲೂ ಇದೇ ಕುಟುಂಬದ ಸಣ್ಣ ಡೀಸೆಲ್ ಇತ್ತು. ಡೀಸೆಲ್ ನೇರ ಸಿಲಿಂಡರಿಗೆ ಹೋಗದೆ ಪಕ್ಕದ ಸಣ್ಣ ಕೋಣೆಯಲ್ಲಿ ಉರಿಯುವ ಇಂಜಿನ್ ಇದು. ಚಳಿಯಲ್ಲಿ ಹೀಟರ್ ಪ್ಲಗ್ ಕಾಯದೆ ಶುರುವಾಗದಿರುವುದು ನಿಮ್ಮ ತೋಟದಲ್ಲೂ ಅಲ್ಲೂ ಒಂದೇ. ಮಗಳು 504 ಡೀಸೆಲ್ ಒಂದರ ಪಕ್ಕ ನಿಂತರೆ ಆ ಕಟಕಟ ಸದ್ದು ಕೂಡಲೇ ಗುರುತು ಹಿಡಿಯುತ್ತಾರೆ.

ಪ್ರಶ್ನೆ: ನೋಡಿ ಸಾಕಾಯಿತು, 80ರ ದಶಕದ 2 ಸಿವಿ ಒಂದನ್ನು ಕೊಳ್ಳಬೇಕೆಂದಿದ್ದೇವೆ. ಏನೇನು ಪರೀಕ್ಷಿಸಬೇಕು?
— ದಂಪತಿ, ಬೋರ್ದೊ

ಉತ್ತರ: ಇಂಜಿನ್ ಕೊನೆಗೆ ನೋಡಿ, ಚಾಸಿ ಮೊದಲು. 2 ಸಿವಿಯ ಚಾಸಿ ತೆಳು ತಗಡುಗಳನ್ನು ಬೆಸೆದ ಚಪ್ಪಟೆ ಪೆಟ್ಟಿಗೆ. ಒಳಗೆ ಸೇರಿದ ನೀರು ಹೊರಗೆ ಕಾಣದಂತೆ ತಿನ್ನುತ್ತದೆ. ಗಾಡಿಯ ಪಕ್ಕದಲ್ಲಿ ಹತ್ತು ಹೆಜ್ಜೆ ದೂರ ನಿಂತು ಬಾಗಿಲ ಸಂದುಗಳನ್ನು ನೋಡಿ: ಮೇಲೆ ಬಿಗಿ, ಕೆಳಗೆ ಸಡಿಲ, ಅಥವಾ ಅದಲುಬದಲಾಗಿದ್ದರೆ ಚಾಸಿ ಬಾಗಿದೆ. ಕೆಳಗೆ ತೆವಳಿ ಸುತ್ತಿಗೆಯ ಮರದ ಹಿಡಿಯಿಂದ ತಟ್ಟಿ. ಗಟ್ಟಿ ತಗಡಿನ ಸದ್ದು ಖಣಖಣ, ಕೊಳೆತದ್ದರ ಸದ್ದು ಮಂದ. ತಾಜಾ ಕರಿ ಡಾಂಬರು ದಪ್ಪಕ್ಕೆ ಬಳಿದಿದ್ದರೆ ಇನ್ನಷ್ಟು ಅನುಮಾನಪಡಿ. ಸತು ಲೇಪಿಸಿದ ಹೊಸ ಚಾಸಿ ಹಾಕಿಸಿದ್ದೇವೆ ಎಂದರೆ ಬಿಲ್ ಕೇಳಿ, ಚಾಸಿಯ ಸಂಖ್ಯೆ ದಾಖಲೆಗೆ ತಾಳೆಯಾಗುತ್ತದೆಯೇ ನೋಡಿ. ಪೆಡಲ್ ಹತ್ತಿರದ ನೆಲ, ಹಿಂದಿನ ಸೀಟಿನ ಕೆಳಗಿನ ಪೆಟ್ಟಿಗೆ, ಸೀಟ್ ಬೆಲ್ಟ್ ಕಚ್ಚುವ ಜಾಗ ಆಮೇಲಿನವು.

ಎರಡನೆಯದು ಕಿಂಗ್‌ಪಿನ್, ಸ್ಟೇರಿಂಗ್ ತಿರುಗಿಸಿದಾಗ ಮುಂಚಕ್ರ ಹೊರಳುವ ಅಚ್ಚು. ಮುಂಚಕ್ರ ಜಾಕ್ ಮೇಲೆತ್ತಿ, ಟೈರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಆಟ ತಿಳಿದರೆ ಕಿಂಗ್‌ಪಿನ್ ಸವೆದಿದೆ ಅಥವಾ ಬೇರಿಂಗ್ ಹೋಗಿದೆ. ಬೇರೆ ಕಾರುಗಳಲ್ಲಿ ಬ್ರೇಕ್ ತುಳಿದು ಹಿಡಿದರೆ ಬೇರಿಂಗಿನ ಆಟ ಮಾಯವಾಗಿ ವ್ಯತ್ಯಾಸ ತಿಳಿಯುತ್ತದೆ. 2 ಸಿವಿಯ ಮುಂದಿನ ಬ್ರೇಕ್ ಚಕ್ರದಲ್ಲಿಲ್ಲ, ಗೇರ್‌ಬಾಕ್ಸ್ ಪಕ್ಕದಲ್ಲಿದೆ, ಆ ಉಪಾಯ ಇಲ್ಲಿ ನಡೆಯದು. ಒಬ್ಬರು ಅಲುಗಿಸಬೇಕು, ಇನ್ನೊಬ್ಬರು ತೋಳು ಮತ್ತು ಚಕ್ರ ಹೊತ್ತ ಸ್ಟೇರಿಂಗ್ ಕೀಲಿನ (ನಕಲ್) ನಡುವೆ ಎಲ್ಲಿ ಚಲನೆ ಇದೆಯೆಂದು ಕಣ್ಣಿಟ್ಟು ನೋಡಬೇಕು. ಸಾವಿರ ಕಿ.ಮೀ.ಗೊಮ್ಮೆ ಗ್ರೀಸ್ ಹೊಡೆಯದ ಗಾಡಿಯಲ್ಲಿ ಕಿಂಗ್‌ಪಿನ್ ಸವೆಯುವುದು ಖಚಿತ.

ಮೂರನೆಯದು ಬ್ರೇಕ್ ದ್ರವ. 1981ರ ಬೇಸಿಗೆಯ ನಂತರ ಮುಂದೆ ಡಿಸ್ಕ್ ಬ್ರೇಕ್ ಬಂತು, ಅದಕ್ಕೆ ಡಿಎಸ್‌ನಂತೆ ಹಸಿರು ಎಲ್‌ಎಚ್‌ಎಂ. ಮುಂಚಿನ ಡ್ರಮ್ ಬ್ರೇಕಿಗೆ ಮಾಮೂಲಿ ಬ್ರೇಕ್ ಆಯಿಲ್. ಡಿಸ್ಕ್ ಗಾಡಿಯ ಡಬ್ಬಿಯಲ್ಲಿ ಹಸಿರು ಕಾಣದಿದ್ದರೆ ಮುಂದುವರಿಯಬೇಡಿ. ಇಂಜಿನ್ ಗಟ್ಟಿಮುಟ್ಟು: ತಣ್ಣಗಿರುವಾಗಲೇ ಶುರು ಮಾಡಿಸಿ, ನೀಲಿ ಹೊಗೆ ನೋಡಿ, ಫ್ಯಾನ್ ಹಿಂದಿನ ಆಯಿಲ್ ಕೂಲರ್‌ನ ಸಂದುಗಳಲ್ಲಿ ಧೂಳು, ಎಲೆ ಕಟ್ಟಿಕೊಂಡಿದೆಯೇ ನೋಡಿ. ಅದು ಕಟ್ಟಿದರೆ ಇಂಜಿನ್ ಕಾಯುತ್ತದೆ. ಓಡಿಸುವಾಗ ಗೇರ್ ನೆನಪಿಡಿ: ಡ್ಯಾಶ್‌ಬೋರ್ಡಿನ ಹಿಡಿಯನ್ನು ಎಡಕ್ಕೆ ತಿರುಗಿಸಿ ಎಳೆದರೆ ಒಂದನೆಯದು, ಎಡಕ್ಕೆ ತಿರುಗಿಸಿ ತಳ್ಳಿದರೆ ರಿವರ್ಸ್. ನೇರವಾಗಿ ತಳ್ಳಿದರೆ ಎರಡು, ಎಳೆದರೆ ಮೂರು. ಬಲಕ್ಕೆ ತಿರುಗಿಸಿ ತಳ್ಳಿದರೆ ನಾಲ್ಕು.

ದಾಖಲೆಯಲ್ಲಿ ಮಾರುವವರ ಹೆಸರಿನ ಕಾರ್ತ್ ಗ್ರೀಸ್ (ನೋಂದಣಿ ಪತ್ರ), ಆರು ತಿಂಗಳೊಳಗಿನ ಕೋಂತ್ರೋಲ್ ತೆಕ್ನಿಕ್ (ತಾಂತ್ರಿಕ ತಪಾಸಣೆ) ವರದಿ, ಸಾಲ ಅಥವಾ ತಡೆ ಇಲ್ಲವೆಂಬ ಹದಿನೈದು ದಿನದೊಳಗಿನ ಪತ್ರ ಇರಬೇಕು. ಮೂವತ್ತು ವರ್ಷ ದಾಟಿ, ಮೂಲರೂಪದಲ್ಲೇ ಇರುವ ಗಾಡಿಗೆ ಎಫ್‌ಎಫ್‌ವಿಇ ಎಂಬ ಫ್ರಾನ್ಸಿನ ಹಳೇ ವಾಹನಗಳ ಒಕ್ಕೂಟದ ಪ್ರಮಾಣಪತ್ರ ಪಡೆದು ಸಂಗ್ರಹ ವಾಹನದ ನೋಂದಣಿ ಮಾಡಿಸಬಹುದು. ಆಗ ತಾಂತ್ರಿಕ ತಪಾಸಣೆ ಐದು ವರ್ಷಕ್ಕೊಮ್ಮೆ ಸಾಕು. ಈಗಾಗಲೇ ಆ ನೋಂದಣಿ ಇರುವ ಗಾಡಿಯಾದರೆ ಆರು ತಿಂಗಳೊಳಗಿನ ವರದಿಯ ನಿಯಮ ಅದಕ್ಕೆ ಹೇಗೆ ಅನ್ವಯಿಸುತ್ತದೆಂದು ತಪಾಸಣಾ ಕೇಂದ್ರದಲ್ಲೇ ವಿಚಾರಿಸಿ, ಆಮೇಲೆ ಹಣ ಕೊಡಿ.